ಜಂತೆ ಎಣಿಸುವ ಹಜಾರ

ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಳಿದುಳಿದ ಹಳೆಯ ಮನೆಯೊಂದು ಕೈಗೆ ಬಂದರೆ ಎಲ್ಲರೂ ಮೊದಲು ಹೊರಡುವುದು ಸೋಫಾ ನೋಡಲಿಕ್ಕೆ. ಅದಕ್ಕೂ ಮುಂಚೆ ಹಜಾರದಲ್ಲಿ ಚಾಪೆ ಹಾಸಿ ಅಂಗಾತ ಮಲಗಿ ಜಂತೆ ಎಣಿಸಿ. ಕೋಣೆಯ ಅಲಂಕಾರ ಶುರುವಾಗಬೇಕಾದದ್ದು ಅಲ್ಲಿಂದ.

ಇಂಥ ಮನೆಗಳ ಸೂರಾದ ಮದ್ರಾಸ್ ತಾರಸಿ ಎಂದರೆ ಬರಿ ತೇಗದ ಜಂತೆಗಳ ಸಾಲಲ್ಲ. ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕಚ್ಚಿಸುತ್ತಾ ಹೋಗುತ್ತಿದ್ದರು. ಕೆಳಗೆ ಸೆಂಟ್ರಿಂಗ್ ಹಲಗೆಯ ಆಸರೆ ಇರುತ್ತಿರಲಿಲ್ಲ; ಹೊಸ ಇಟ್ಟಿಗೆ ಪಕ್ಕದ್ದನ್ನು ನೆಚ್ಚಿಯೇ ನಿಲ್ಲಬೇಕು. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹರಡಿ, ಬೆಲ್ಲ-ಅಳಲೆಕಾಯಿಯ ನೀರು ಚಿಮುಕಿಸಿ ದಿನಗಟ್ಟಲೆ ಬಡಿಯುತ್ತಿದ್ದರು. ಇಂಥದ್ದರ ಕೆಳಗೆ ಜಿಪ್ಸಂ ಸೀಲಿಂಗ್ ಕಟ್ಟಿ ನೀಲಿ ಎಲ್ಇಡಿ ಪಟ್ಟಿ ಅಂಟಿಸುವವರ ಬಗ್ಗೆ ನನಗನ್ನಿಸುವುದನ್ನು ಸಂಪಾದಕರು ಅಚ್ಚು ಹಾಕಲಾರರು.

ಎಷ್ಟೋ ಮನೆಗಳಲ್ಲಿ ಜಂತೆಗಳ ನಡುವಿನ ಇಟ್ಟಿಗೆಗೂ ಗಾರೆ ಬಳಿದು ಸುಣ್ಣ ಹೊಡೆದಿರುತ್ತಾರೆ. ಅದನ್ನು ಕೆತ್ತಿ ಇಟ್ಟಿಗೆ ತೋರಿಸುವ ಈಗಿನ ಗೀಳು ನನಗೊಪ್ಪುವುದಿಲ್ಲ. ಕೆತ್ತಿದಲ್ಲಿ ವರ್ಷವಿಡೀ ಪುಡಿ ಉದುರುತ್ತದೆ. ಬಿಳಿಯ ನಡುವೆ ಕಪ್ಪುಗಂದು ಗೆರೆಗಳ ಬೆಡಗೂ ಹೋಗುತ್ತದೆ. ಜಂತೆಗೆ ಫಳಫಳ ವಾರ್ನಿಶ್ ಕೂಡ ಬೇಡ. ಧೂಳು ಒರೆಸಿ ಅಗಸೆ ಎಣ್ಣೆ ತೆಳುವಾಗಿ ಸವರಿ.

ಸೂರು 12 ಅಡಿ ಎತ್ತರದಲ್ಲಿದ್ದರೆ ಕೂರುವ ಸಾಮಾನು ಮೊಣಕಾಲ ಮಟ್ಟ ಮೀರದಿರಲಿ. ಒಂದು ದಿವಾನ, ಎರಡು ಬೆತ್ತದ ಕುರ್ಚಿ. ಗೋಡೆ ತುಂಬುವ ಶೋಕೇಸ್ ಬಂದರೆ ಜಂತೆಗಳ ಓಟ ಅಲ್ಲೇ ಮುರಿಯಿತು. ಜಂತೆಗೆ ಹೊಂದಲೆಂದು ಹೊಸ ತೇಗ ಹುಡುಕುವ ಚಪಲವೂ ಬೇಡ; ಹಳೆಯದರ ಮುಂದೆ ಅದು ಹಸಿಹಸಿಯಾಗಿಯೇ ಕಾಣುತ್ತದೆ. ಅಜ್ಜನ ಬೀಟೆಯ ಆರಾಮಕುರ್ಚಿ ಇದ್ದರೆ ಧಾರಾಳವಾಗಿ ಇಡಿ. ಕೆಂಪು ಗಾರೆಯ ನೆಲಕ್ಕೆ ಚಿತ್ತಾರವಿಲ್ಲದ ಜಮಖಾನ ಸಾಕು.

ದೀಪದ ವಿಷಯದಲ್ಲಿ ಮಾತ್ರ ಜಿಪುಣತನ ತೋರಬೇಡಿ. ನಡುವೆ ತೂಗುವ ಗೊಂಚಲು ದೀಪ ಕಣ್ಣನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಗೋಡೆಯಲ್ಲಿ ಆಳೆತ್ತರದ ಮೇಲೆ, ಬೆಳಕು ಮೇಲ್ಮುಖವಾಗುವಂತೆ, 2700 ಕೆಲ್ವಿನ್‌ನ ಬೆಚ್ಚನೆಯ ಬಲ್ಬು ಹಾಕಿ. ಪ್ರತಿ ಜಂತೆಯ ಮಗ್ಗುಲಿಗೂ ಒಂದೊಂದು ನೆರಳು ಬಿದ್ದಾಗ ಸೂರಿಗೆ ಆಳ ಬರುತ್ತದೆ. ಫ್ಯಾನಿಗೆ ಉದ್ದನೆಯ ರಾಡ್ ಬೇಕು. ತೂಗುಮಣೆಯ ಆಸೆಯಿದ್ದರೆ ಜಂತೆಯ ತುದಿ ಗೋಡೆಯೊಳಗೆ ಹೋಗುವಲ್ಲಿ ಬಡಗಿಯಿಂದ ತಟ್ಟಿ ನೋಡಿಸಿ. ಮರ ಲಡ್ಡಾಗುವುದು, ಗೆದ್ದಲು ಹತ್ತುವುದು ಹೆಚ್ಚಾಗಿ ಅಲ್ಲೇ.

ಸುಣ್ಣದಲ್ಲಿ ಹಳದಿ ಕಲೆ ಕಂಡರೆ ಅದರ ಮೇಲೆ ಬಣ್ಣ ಹೊಡೆಸಬೇಡಿ, ತಾರಸಿ ಹತ್ತಿ. ನೀರು ಇಳಿಯುತ್ತಿರುವುದು ಮೇಲಿನಿಂದ. ಗಾರೆ ಕೆಲಸ ಬಲ್ಲ ಮೇಸ್ತ್ರಿಯನ್ನು ಮುಂಗಾರಿಗೆ ಮೊದಲೇ ಹಿಡಿಯಿರಿ. ಸೋಫಾ ದೀಪಾವಳಿಗೆ ಕೊಂಡರಾಯಿತು.