ಹಾಸಿಗೆ ಇದ್ದಷ್ಟು ಕಾಲು

ಪ್ರವಾಸದ ಕೈಪಿಡಿಗಳನ್ನು ಓದುವುದು ನನಗೊಂದು ಚಟ. ಹೋಗುವ ಯೋಗವಿಲ್ಲದ ಊರುಗಳ ಹೋಟೆಲು, ಬಸ್ಸು, ಊಟದ ದರಗಳನ್ನೂ ಕಾದಂಬರಿ ಓದಿದ ಹಾಗೆ ಓದುತ್ತೇನೆ. ಓದುತ್ತ ಓದುತ್ತ ಒಂದು ತಕರಾರು ಮನಸ್ಸಿನಲ್ಲಿ ಬೆಳೆದಿದೆ. ಈ ಪುಸ್ತಕಗಳಿಗೆ ಕಿಸೆಯ ಲೆಕ್ಕ ಚೆನ್ನಾಗಿ ಗೊತ್ತು. ಸಂಸಾರದ ಲೆಕ್ಕ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಅಗ್ಗದ ಪ್ರವಾಸದ ಪುಸ್ತಕಗಳಲ್ಲಿ ಬಹಳ ಹೆಸರಾದದ್ದು ಅಮೆರಿಕದ ಆರ್ಥರ್ ಫ್ರಾಮರ್ 1957ರಲ್ಲಿ ಹೊರತಂದ ‘ಯುರೋಪ್ ಆನ್ ಫೈವ್ ಡಾಲರ್ಸ್ ಎ ಡೇ’. ಫ್ರಾಮರ್ ಸೈನಿಕರಾಗಿ ಯುರೋಪಿಗೆ ಹೋದವರು. ಮೊದಲು ತಮ್ಮಂಥ ಸೈನಿಕರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆದು, ಆಮೇಲೆ ಎಲ್ಲರಿಗೆಂದು ಇದನ್ನು ಬರೆದರು. ಯುರೋಪು ಹಣವಂತರ ಸೊತ್ತು ಎಂಬ ಭ್ರಮೆಯನ್ನು ಒಡೆದದ್ದು ಈ ಪುಸ್ತಕದ ದೊಡ್ಡ ಗುಣ. ಖರ್ಚು ಕಡಿಮೆಯಾದಷ್ಟೂ ಊರಿನ ನಿಜವಾದ ಬದುಕು ನಮಗೆ ಹತ್ತಿರವಾಗುತ್ತದೆ ಎಂದು 2024ರಲ್ಲಿ ತೀರಿಕೊಂಡ ಫ್ರಾಮರ್ ಕೊನೆಯವರೆಗೂ ನಂಬಿದ್ದರು. ಎರಡನೇ ದರ್ಜೆಯ ರೈಲಿನಲ್ಲಿ ಬುತ್ತಿ ಹಂಚಿಕೊಂಡು ತಿಂದ ಯಾರೂ ಇದನ್ನು ಅಲ್ಲಗಳೆಯಲಾರರು.

ಅವರ ನಂತರ ಬಂದವರು ಟೋನಿ ಮತ್ತು ಮೌರೀನ್ ವೀಲರ್ ಎಂಬ ಎಳೆಯ ದಂಪತಿ. 1972ರಲ್ಲಿ ಲಂಡನ್ನಿನಿಂದ ಹೊರಟು ಏಷ್ಯಾ ಹಾದು ಆಸ್ಟ್ರೇಲಿಯಾ ಸೇರಿದಾಗ ಅವರ ಕೈಯಲ್ಲಿ ಉಳಿದಿದ್ದದ್ದು 27 ಸೆಂಟು. ಮಾರನೆಯ ವರ್ಷ ಅಡಿಗೆಮನೆಯ ಮೇಜಿನ ಮೇಲೆ ತಾವೇ ಬರೆದು, ತಾವೇ ಪಿನ್ನು ಹೊಡೆದು ‘ಅಕ್ರಾಸ್ ಏಷ್ಯಾ ಆನ್ ದ ಚೀಪ್’ ಎಂಬ ಪುಸ್ತಕ ಮಾಡಿದರು. ಲೋನ್ಲಿ ಪ್ಲಾನೆಟ್ ಎಂಬ ದೊಡ್ಡ ಪ್ರಕಾಶನ ಹುಟ್ಟಿದ್ದು ಹೀಗೆ. ಭಾರತದ ಬಗೆಗಿನ ಅವರ ಕೈಪಿಡಿ 1981ರಲ್ಲಿ ಬಂತು.

27 ಸೆಂಟಿನ ಕಥೆ ಎಷ್ಟು ಸಲ ಓದಿದರೂ ಸೊಗಸು. ಆದರೆ ಅದು ಹೆಗಲಿಗೊಂದು ಚೀಲ ಮಾತ್ರ ಇರುವ ಇಬ್ಬರ ಕಥೆ. ಅದೇ ಹೆಗಲ ಮೇಲೆ ಜ್ವರ ಬಂದ ಮಗು ಮಲಗಿದ್ದರೆ ಅದನ್ನು ಸಾಹಸ ಎನ್ನುತ್ತೇವೆಯೇ? ಇದನ್ನು ಮೌರೀನ್ ಅವರೇ ಕಂಡುಕೊಂಡಿರಬೇಕು. ತಾಯಿಯಾದ ಮೇಲೆ, 1985ರಲ್ಲಿ, ಆಕೆ ‘ಟ್ರಾವೆಲ್ ವಿತ್ ಚಿಲ್ಡ್ರನ್’ ಎಂಬ ಪುಸ್ತಕ ಬರೆದರು. ಅದೇ ಹೆಂಗಸು, ಅದೇ ಜಗತ್ತು. ಮಡಿಲಿಗೆ ಮಗು ಬಂದೊಡನೆ ಬೇರೆಯೇ ಪುಸ್ತಕ ಬೇಕಾಯಿತು!

ಈ ಕೈಪಿಡಿಗಳು ತಂಗುವ ಜಾಗಗಳನ್ನು ಅಗ್ಗ, ಮಧ್ಯಮ, ದುಬಾರಿ ಎಂದು ಮೂರು ಜಾತಿ ಮಾಡುತ್ತವೆ. ಓದುವವರೂ ಈ ಮೂರರಲ್ಲಿ ಒಂದಕ್ಕೆ ಸೇರಿದವರು ಎಂಬ ಭಾವ ಅಲ್ಲಿದೆ. ಮಂಡಿನೋವಿನ ಅತ್ತೆ, ಚೀಲ ಬೆನ್ನಿಗೆ ಹಾಕಿಕೊಂಡು ಎಲ್ಲಿ ಬೇಕಾದರೂ ಮಲಗುವ ಮಗ, ಹೊತ್ತಿಗೆ ಸರಿಯಾಗಿ ಊಟ ಬೇಕೆನ್ನುವ ಗಂಡ, ಇವರೆಲ್ಲ ಒಂದೇ ಟ್ಯಾಕ್ಸಿಯಲ್ಲಿ ಕೂತಿರುವಾಗ ಆ ಸಂಸಾರ ಯಾವ ಜಾತಿ?

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಉಳಿತಾಯವಾಯಿತು ಎಂದಾಗ ಅದು ಯಾರ ಪಾಲಿನಿಂದ ಉಳಿಯಿತು ಎಂದು ಕೇಳಬೇಕು. ನಮ್ಮ ರೈಲಿನ ನಿಯಮವನ್ನೇ ನೋಡಿ. 2016ರಿಂದ, 5 ತುಂಬಿದ, 12 ತುಂಬದ ಮಗುವಿಗೆ ಬೇರೆ ಬರ್ತು ಬೇಕೆಂದರೆ ಪೂರ್ತಿ ದರ ಕೊಡಬೇಕು, ಬೇಡವೆಂದರೆ ಅರ್ಧ. ಅರ್ಧ ಟಿಕೆಟ್ಟು ಉಳಿಸಿದೆವೆಂದು ಮನೆಯವರೆಲ್ಲ ಸಂತೋಷಪಡುತ್ತೇವೆ. ರಾತ್ರಿ ಆ ಮಗು ಯಾರ ಪಕ್ಕದಲ್ಲಿ ಮಲಗುತ್ತದೆ? ಉಳಿದರ್ಧ ದರವನ್ನು ತಾಯಿ ತನ್ನ ನಿದ್ದೆಯಿಂದ ಕಟ್ಟುತ್ತಾಳೆ. ಲಾಡ್ಜಿನ ಬಕೆಟ್ಟಿನಲ್ಲಿ ಒಗೆದ ಬಟ್ಟೆ, ನಸುಕಿನಲ್ಲೆದ್ದು ಕಲಸಿದ ಅವಲಕ್ಕಿ, ಇವೂ ಹೀಗೆ ಯಾವ ರಶೀದಿಯಲ್ಲೂ ಕಾಣದ ಖರ್ಚುಗಳು.

ಹಾಗೆಂದು ಅಗ್ಗದ ಪ್ರವಾಸವನ್ನೇ ಬಿಡಿ ಎನ್ನುವುದಿಲ್ಲ. ಬಿಟ್ಟರೆ ನಮ್ಮಂಥವರು ಹೊಸಿಲು ದಾಟುವುದೇ ಇಲ್ಲ. ಅಗ್ಗದ ನಡುವೆ ಅಲ್ಲೊಂದು ಇಲ್ಲೊಂದು ಸುಖದ ದಿನವನ್ನು ಲೆಕ್ಕ ಹಾಕಿ ಇಟ್ಟುಕೊಳ್ಳಬೇಕು. ಎಲ್ಲಿಡಬೇಕು ಎಂಬುದರಲ್ಲಿಯೇ ಜಾಣತನ. ಅನೇಕರು ಅದನ್ನು ಕೊನೆಯ ರಾತ್ರಿಗೆ ಇಡುತ್ತಾರೆ. ಆಗ ಮೈ ಸೋತು, ಮನಸ್ಸು ಮನೆಯ ಬಾಗಿಲಲ್ಲಿರುತ್ತದೆ, ಫೋಟೋ ಒಂದು ಚೆನ್ನಾಗಿ ಬರುತ್ತದೆ ಅಷ್ಟೆ. ಹತ್ತು ದಿನದ ಪ್ರವಾಸವಾದರೆ ನಾಲ್ಕನೆಯ ಅಥವಾ ಐದನೆಯ ದಿನ, ಅದರಲ್ಲೂ ರಾತ್ರಿಯ ರೈಲು ಇಳಿದ ಬೆಳಗಿಗೆ, ಒಳ್ಳೆಯ ಹೋಟೆಲು ಇಟ್ಟುಕೊಳ್ಳಿ. ಬಿಸಿನೀರು, ಬಟ್ಟೆ ಒಗೆಸುವ ಅನುಕೂಲ, ಬೇರೆಯವರು ಮಾಡಿಟ್ಟ ತಿಂಡಿ, ಚಿಲಕ ಹಾಕಿದ ಕೋಣೆಯಲ್ಲಿ ಎರಡು ಗಂಟೆ ನಿದ್ದೆ. ಮುಂದಿನ ಐದು ದಿನದ ಬಸ್ಸು, ಛತ್ರಗಳಿಗೆ ಬೇಕಾದ ಶಕ್ತಿ ಇಲ್ಲಿಂದ ಬರುತ್ತದೆ.

ಇದೇನು ಹೊಸ ಶಾಸ್ತ್ರವಲ್ಲ. ದಿನವೂ ಸಾರು ಅನ್ನ, ಹಬ್ಬಕ್ಕೆ ಹೋಳಿಗೆ ಎಂದು ಮನೆ ನಡೆಸಿದವರು ನಾವು. ಹೋಳಿಗೆ ತಿಂದರೆ ಸಾರಿಗೆ ದ್ರೋಹವಾಯಿತೆಂದು ಯಾರೂ ಹೇಳಲಿಲ್ಲ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ನಮಗೆ ಕಲಿಸಿದವರು ಹಾಸಿಗೆ ಹಾಸುವವಳಿಗೂ ಕಾಲಿದೆ ಎಂಬುದನ್ನು ಹೇಳಲು ಮರೆತರು.

ಆದ್ದರಿಂದ ಈ ಕೈಪಿಡಿಗಳನ್ನು ಓದಿ. ಫ್ರಾಮರ್ ಧೈರ್ಯ ಕೊಡುತ್ತಾರೆ, ವೀಲರ್ ದಂಪತಿ ದಾರಿ ತೋರಿಸುತ್ತಾರೆ. ಆಮೇಲೆ ಖರ್ಚಿನ ಪಟ್ಟಿ ನೀವೇ ಬರೆಯಿರಿ. ಬಸ್ಸು, ಕೋಣೆ, ಊಟ ಎಂದು ಬರೆದ ಮೇಲೆ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಆ ರಾತ್ರಿ ನೀವು ನಿದ್ದೆ ಮಾಡುತ್ತೀರೋ ಇಲ್ಲವೋ ಎಂಬುದನ್ನೂ ಹೊರಡುವ ಮೊದಲೇ ತುಂಬಿಸಿ.