ಮಂಗನ ಕೈಯಲ್ಲಿ ಕಲ್ಲು

ಬಜಪೆಯ ನಮ್ಮ ಹಿತ್ತಿಲಿಗೆ ವಾರಕ್ಕೆರಡು ಸಲವಾದರೂ ಮಂಗಗಳ ಹಿಂಡು ಬರುತ್ತದೆ. ತಲೆಯ ಮೇಲೆ ಇಳಿಯುವ ವಿಮಾನಕ್ಕೂ ಅಮ್ಮ ಹೊಡೆಯುವ ಗರ್ನಾಲಿಗೂ ಅವು ಈಗ ಕ್ಯಾರೇ ಅನ್ನುವುದಿಲ್ಲ. ಕಳೆದ ಬೇಸಗೆಯಲ್ಲಿ ನಾನು ಜಗಲಿಯಲ್ಲಿ ಕೂತು ಪಿಎಚ್‌ಡಿ ಪ್ರಬಂಧದ ಮೂರನೇ ಅಧ್ಯಾಯ ತಿದ್ದುತ್ತಿದ್ದೆ. ವಿಷಯ ಪ್ರಾಣಿಕಥೆಗಳು. 'ನಮ್ಮ ಕಥನ ಪರಂಪರೆಯಲ್ಲಿ ಮಂಗವು ವಿವೇಕರಹಿತ ಅನುಕರಣೆಯ ರೂಪಕ' ಎಂದು ಬರೆದು, ವಾಕ್ಯ ಚೆನ್ನಾಗಿದೆ ಅಂದುಕೊಂಡು ಚಾ ಕುಡಿಯುತ್ತಿದ್ದಾಗ ಅಮ್ಮ ಅಂಗಳದಿಂದ ಕೂಗಿದರು: "ನೋಡು ಮಾರಾಯ್ತಿ, ಗಟ್ಟಿ ಕಾಯಿ ಮುಟ್ಟುವುದೇ ಇಲ್ಲ. ಬೊಂಡವನ್ನೇ ತಿರುಪಿ ತೆಗೀತದೆ. ಗೇರು ಹಣ್ಣು ಚೀಪಿ ಬೀಜ ಬಿಸಾಡ್ತದೆ."

ಅಮ್ಮನದು ಬೈಗುಳ. ಆದರೆ ಅದರ ತುಂಬ ಕ್ರಿಯಾಪದಗಳಿದ್ದವು, ಒಂದೊಂದೂ ಮಂಗ ಮಾಡಿದ ಒಂದೊಂದು ತೀರ್ಮಾನ. ನನ್ನ ವಾಕ್ಯದಲ್ಲಿ ಮಂಗ ಏನನ್ನೂ ಮಾಡುತ್ತಿರಲಿಲ್ಲ, ಬರೀ ರೂಪಕವಾಗಿತ್ತು.

ಪಂಚತಂತ್ರದ ಮೊದಲ ತಂತ್ರ ಶುರುವಾಗುತ್ತಲೇ ಬರುವ ಕೀಲು ಕಿತ್ತ ಕೋತಿಯ ಕಥೆ ಎಲ್ಲರಿಗೂ ಗೊತ್ತು. ಬಡಗಿ ಅರ್ಧ ಸೀಳಿದ ದಿಮ್ಮಿಗೆ ಬೆಣೆ ಬಡಿದು ಊಟಕ್ಕೆ ಹೋಗಿದ್ದಾನೆ. ಕೋತಿ ಬಂದು ದಿಮ್ಮಿಯ ಮೇಲೆ ಕೂತು, ಬೆಣೆ ಕಿತ್ತು, ಸೀಳಿನಲ್ಲಿ ಸಿಕ್ಕಿ ಸಾಯುತ್ತದೆ. (ಸಿಕ್ಕಿಕೊಂಡದ್ದು ಬಾಲ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಸಂಸ್ಕೃತದಲ್ಲಿ ಬೇರೆಯೇ ಅಂಗ.) ಕಥೆ ಹೇಳುವವನು ಕರಟಕ, ಕೇಳುವವನು ದಮನಕ. ಇಬ್ಬರೂ ಮಂತ್ರಿಯ ಮಕ್ಕಳು, ಅಧಿಕಾರ ಕಳೆದುಕೊಂಡ ನರಿಗಳು. ಸಿಂಹರಾಜ ಯಾಕೆ ಹೆದರಿದ್ದಾನೆಂದು ತಿಳಿಯಲು ದಮನಕ ಹೊರಟಾಗ, ನಮ್ಮದಲ್ಲದ ಕೆಲಸಕ್ಕೆ ಕೈಹಾಕಬೇಡ ಎಂದು ಕರಟಕ ಈ ಕಥೆ ಹೇಳುತ್ತಾನೆ. ಇಲ್ಲಿ ಬೆಣೆಯೆಂದರೆ ಬಡಗಿಯ ಹತ್ಯಾರು ಮಾತ್ರವಲ್ಲ, ದೊಡ್ಡವರ ಪದವಿ. ಸ್ವಾರಸ್ಯವೆಂದರೆ ದಮನಕ ಕಥೆ ಕೇಳಿಯೂ ಹೋಗುತ್ತಾನೆ, ಮತ್ತು ಬಹುತೇಕ ಪಾಠಗಳಲ್ಲಿ ಗೆಲ್ಲುತ್ತಾನೆ. ಒಳಕಥೆಯ ನೀತಿಯನ್ನು ಹೊರಕಥೆಯೇ ನಂಬುವುದಿಲ್ಲ. ನಾವು ಹೊರಕಥೆಯನ್ನು ಕಳಚಿಟ್ಟು ಸತ್ತ ಕೋತಿಯನ್ನಷ್ಟೇ ಮಕ್ಕಳಿಗೆ ಕೊಟ್ಟೆವು.

ಉಳಿದ ಕಥೆಗಳನ್ನೂ ಒಟ್ಟಿಗಿಟ್ಟು ನೋಡಿದೆ. ರಾಜನ ಮೇಲೆ ಕೂತ ನೊಣಕ್ಕೆ ಕತ್ತಿ ಬೀಸಿದ ಕೋತಿ, ಬೇರಿನ ಉದ್ದ ನೋಡಲು ಗಿಡ ಕಿತ್ತು ನೀರೆರೆದ ಜಾತಕದ ಕೋತಿಗಳು, ಟೋಪಿ ಎಸೆದ ಕೋತಿಗಳು. ಎಲ್ಲದರಲ್ಲೂ ಮಂಗನ ಕೈಯಲ್ಲಿರುವುದು ಮನುಷ್ಯನ ಸಾಮಾನು. ಕೊಡುವುದು ನಾವೇ, ಬಳಸಲು ಬರುವುದಿಲ್ಲ ಎಂದು ನಗುವುದೂ ನಾವೇ. ಅದರದೇ ಹಸಿವು, ಅದರದೇ ಕಲ್ಲು ಇರುವ ಕಥೆ ನನಗೆ ಸಿಗಲಿಲ್ಲ. ಸೇತುವೆ ಕಟ್ಟಿದ ಕಪಿಗಳ ಕೈಗೆ ಕಲ್ಲು ಬಂತು ನಿಜ, ಆದರೆ ಜನರ ಬಾಯಲ್ಲಿ ಆ ಕಲ್ಲು ತೇಲಿದ್ದು ರಾಮನಾಮದಿಂದ.

ಆ ಇನ್ನೊಂದು ಕಥೆ ಇರುವುದು ಬ್ರೆಜಿಲಿನಲ್ಲಿ, ಅದೂ ಗೇರುಬೀಜದ ಸುತ್ತ. ನಮ್ಮ ಕರಾವಳಿಗೆ ಗೇರು ತಂದವರು ಪೋರ್ಚುಗೀಸರು, ಅದರ ತವರು ಬ್ರೆಜಿಲ್. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆಂದು ಮಂಗಳೂರಿನ ಬೀಜದ ಫ್ಯಾಕ್ಟರಿಗಳಲ್ಲಿ ದುಡಿದ ಹೆಂಗಸರಿಗೆ ಹೇಳಬೇಕಾಗಿಲ್ಲ. ಅಲ್ಲಿನ ಸೆರಾ ದ ಕಪಿವಾರಾ ರಾಷ್ಟ್ರೀಯ ಉದ್ಯಾನದ ಕಾಪುಚಿನ್ ಮಂಗಗಳು ಇದೇ ಬೀಜವನ್ನು ಕಲ್ಲಿನಿಂದ ಒಡೆದು ತಿನ್ನುತ್ತವೆ. ಹಸಿ ಬೀಜಕ್ಕೆ ಭಾರದ ಕಲ್ಲು, ಒಣಗಿದ್ದಕ್ಕೆ ಹಗುರದ್ದು. 2016ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಮೈಕೆಲ್ ಹ್ಯಾಸ್ಲಮ್ ಮತ್ತು ಸಂಗಡಿಗರು ಅಲ್ಲಿ ನೆಲ ಅಗೆದಾಗ ಸುಮಾರು 600-700 ವರ್ಷ ಹಿಂದಿನ ಗೇರು ಒಡೆಯುವ ಕಲ್ಲುಗಳು ಸಿಕ್ಕವು. ನಮ್ಮ ಕರಾವಳಿ ಗೇರುಬೀಜದ ಮುಖ ನೋಡುವ ಮೊದಲೇ ಮಂಗಗಳಿಗೆ ಅದನ್ನು ಒಡೆಯಲು ಬರುತ್ತಿತ್ತು. ಮುಂದಿನ ಅಗೆತದಲ್ಲಿ ಕಲ್ಲಿನ ಬಳಕೆಯ ಇತಿಹಾಸ 3000 ವರ್ಷ ಹಿಂದಕ್ಕೆ ಹೋಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಯೋಗ. ಎಲಿಸಬೆಟ್ಟಾ ವಿಸಲ್ಬರ್ಗಿ ಮತ್ತವರ ತಂಡ 2009ರಲ್ಲಿ ಪ್ರಕಟಿಸಿದ್ದು. ಕಾಡಿನ ಕಾಪುಚಿನ್‌ಗಳ ಮುಂದೆ ನೋಡಲು ಒಂದೇ ಗಾತ್ರದ, ತೂಕ ಮಾತ್ರ ಬೇರೆಯಾದ ಕೃತಕ ಕಲ್ಲುಗಳನ್ನಿಟ್ಟರು. ದೊಡ್ಡದು ಹಗುರ, ಸಣ್ಣದು ಭಾರ ಎಂಬ ಮೋಸವನ್ನೂ ಇಟ್ಟರು. ಕಣ್ಣಿನಿಂದ ತಿಳಿಯದಾದಾಗ ಮಂಗಗಳು ಕಲ್ಲನ್ನು ಅಲುಗಿಸಿ, ಎತ್ತಿ, ಬೆರಳಿನಿಂದ ತಟ್ಟಿ ನೋಡಿ ಭಾರದ್ದನ್ನೇ ಆರಿಸಿದವು. ಸಂತೆಯಲ್ಲಿ ಅಮ್ಮ ಕಲ್ಲಂಗಡಿ ತಟ್ಟಿ ನೋಡುವ ಹಾಗೆ. 'ಮಂಗನ ಕೈಯಲ್ಲಿ ಮಾಣಿಕ್ಯ' ಎಂದು ನಗುತ್ತೇವಲ್ಲ, ಮಾಣಿಕ್ಯ ಕೊಟ್ಟರೆ ಈ ಮಂಗ ಮೊದಲು ಅದರ ತೂಕ ನೋಡೀತು.

ಅವುಗಳ ಮರಿಗಳು ಈ ಕೆಲಸವನ್ನು ಹುಟ್ಟಿನಿಂದ ತರುವುದಿಲ್ಲ. ದೊಡ್ಡವುಗಳ ಪಕ್ಕ ಕೂತು, ಚೂರು ಹೆಕ್ಕಿ ತಿಂದು, ಖಾಲಿ ಸಿಪ್ಪೆಯನ್ನೂ ಕಲ್ಲನ್ನೂ ಅರ್ಥವಿಲ್ಲದಂತೆ ಕುಟ್ಟುತ್ತ ವರ್ಷಗಳನ್ನು ಕಳೆಯುತ್ತವೆ. ಹೊರಗಿನಿಂದ ನೋಡಿದರೆ ಕಪಿಚೇಷ್ಟೆ. ಸಂಸ್ಕೃತದಲ್ಲಿ ಚೇಷ್ಟೆಯೆಂದರೆ ಚಲನೆ, ಪ್ರಯತ್ನ. ಕನ್ನಡಕ್ಕೆ ಬರುವ ದಾರಿಯಲ್ಲೆಲ್ಲೋ ಪ್ರಯತ್ನ ಬಿದ್ದುಹೋಗಿ ಕಿಡಿಗೇಡಿತನ ಉಳಿಯಿತು. ವಿಮರ್ಶೆಯಲ್ಲಿ ಹೊಸಬರ ಪದ್ಯವನ್ನು 'ಕಪಿ ಅನುಕರಣೆ' ಎಂದು ತಳ್ಳುವಾಗ ನಾವು ಬಳಸುವುದು ಈ ಉಳಿದ ಅರ್ಧವನ್ನೇ. ನಾನೂ ಎರಡು ಸಲ ಬಳಸಿದ್ದೇನೆ, ಒಮ್ಮೆ ನನಗಿಂತ ಕಿರಿಯ ಕವಿಯ ಬಗ್ಗೆ.

ಹಾಗೆಂದು ನಮ್ಮ ಹಿತ್ತಿಲಿನ ಮಂಗಗಳನ್ನು ಬ್ರೆಜಿಲಿಗೆ ಸೇರಿಸಲಾರೆ. ಅವು ಕಲ್ಲು ಎತ್ತಿದ್ದನ್ನು ನಾನು ಕಂಡಿಲ್ಲ. ಬೊಂಡಕ್ಕೆ ಹಲ್ಲೇ ಸಾಕು. ಪಶ್ಚಿಮ ಘಟ್ಟದ ಸಿಂಗಳೀಕಗಳು ಕಂಬಳಿಹುಳುವನ್ನು ಎಲೆಯಲ್ಲಿ ಉಜ್ಜಿ ರೋಮ ತೆಗೆದು ತಿನ್ನುವುದು ದಾಖಲಾಗಿದೆ. ನಮ್ಮವಕ್ಕೆ ಇನ್ನೊಂದು ಹತ್ಯಾರು ಸಿಕ್ಕಿದೆ. ಬೆಂಗಳೂರಿನ ಅನಿಂದ್ಯ ಸಿನ್ಹ ಮತ್ತು ಸಂಗಡಿಗರು ಬಂಡೀಪುರದಲ್ಲಿ ಇದೇ ಜಾತಿಯ ಮಂಗಗಳನ್ನು ಅಭ್ಯಸಿಸಿ 2018ರಲ್ಲಿ ಬರೆದರು: ಪ್ರವಾಸಿಗರ ಕೈಯಲ್ಲಿ ತಿಂಡಿ ಕಂಡರೆ ಅವು ಅವರತ್ತ ನೋಡುತ್ತ ಕೂ ಎಂದು ದನಿ ತೆಗೆಯುತ್ತವೆ, ಕೈ ಚಾಚುತ್ತವೆ, ಸಿಗುವವರೆಗೆ ಕಾಯುತ್ತವೆ. ಅಲ್ಲಿ ಕಲ್ಲಿನ ಜಾಗದಲ್ಲಿ ಮನುಷ್ಯ ಇದ್ದಾನೆ ಎಂದು ನನ್ನ ಓದು. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಗಾದೆ ಕಟ್ಟಿದವರು ಮಾತ್ರ ಈ ಪ್ರಾಣಿಯನ್ನು ಹತ್ತಿರದಿಂದ ನೋಡಿದ್ದರು. ಅದರಲ್ಲಿ ಮಂಗ ಯಾರನ್ನೂ ಅನುಕರಿಸುವುದಿಲ್ಲ, ಮೇಕೆಯನ್ನು ಆರಿಸುತ್ತದೆ.

ಮೂರನೇ ಅಧ್ಯಾಯ ಈಗ ಆ ಗಾದೆಯಿಂದ ಶುರುವಾಗುತ್ತದೆ. ಸಲ್ಲಿಸುವುದು ಒಂದು ಅವಧಿ ತಡವಾಗಲಿದೆ. ಕಾಪುಚಿನ್‌ಗಳ ಸಂಗತಿಯನ್ನೆಲ್ಲ ಅಮ್ಮನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವಕ್ಕೆ ಬೀಜ ಒಡೀಲಿಕ್ಕೆ ಬರ್ತದೆ ಅಂತ ಇವಕ್ಕೆ ಹೇಳಿಕೊಡಬೇಡ" ಎಂದು ಗರ್ನಾಲು ಹುಡುಕಲು ಒಳಗೆ ಹೋದರು.