ಜಾರ್ಜ್ ಪ್ಲೆಬ್ಸ್ಟನೂ ಕನ್ನಡ ಸಾಹಿತ್ಯಚರಿತ್ರೆಯೂ

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆದವರು, ಬಾಸೆಲ್ ಮಿಶನ್ನಿನ ಜರ್ಮನರಲ್ಲಿ ಮೋಗ್ಲಿಂಗ್, ಕಿಟ್ಟೆಲ್ ಎಂಬ ಪಂಡಿತರನ್ನು ಆದರದಿಂದ ಸ್ಮರಿಸುತ್ತಾರೆ. ತಾಯ್ನಾಡನ್ನು ಬಿಟ್ಟು ಅದೇ ಮಿಶನ್ನಿನ ಕೆಲಸಕ್ಕೆ ಬಂದ ಕುಶಲಕರ್ಮಿ ಜಾರ್ಜ್ ಪ್ಲೆಬ್ಸ್ಟನ ಹೆಸರಾದರೋ ಹೆಚ್ಚಾಗಿ ಉದ್ಯಮದ ಇತಿಹಾಸಕ್ಕೇ ಮೀಸಲಾಗಿದೆ. 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದವನು ಆತನೆಂಬುದು ಪ್ರಸಿದ್ಧ. ಮಿಶನ್ನಿನ ಮುದ್ರಣಾಲಯದಲ್ಲಿ ದುಡಿದು ಹೊಸ ಕನ್ನಡ ಅಚ್ಚುಮೊಳೆಗಳ ನಿರ್ಮಾಣಕ್ಕೂ ಕೈಹಾಕಿದವನೆಂಬುದು ಅಷ್ಟು ಪ್ರಸಿದ್ಧವಲ್ಲ.

ಪಾಂಡಿತ್ಯವನ್ನೂ ಕೈಗೆಲಸವನ್ನೂ ಹೀಗೆ ಬೇರ್ಪಡಿಸುವುದು ಯುಕ್ತವಲ್ಲ. 1843ರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು, ಅದರ ಪುಟಗಳನ್ನು ಕೈಯಿಂದಲೇ ಬರೆಯಬೇಕಾಗಿತ್ತು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವ ನಮ್ಮ ಲಿಪಿಗೆ ಮೊಳೆಗಳನ್ನು ಎರೆಯುವುದೂ ಸುಲಭವಲ್ಲ. 1894ರ ಕಿಟ್ಟೆಲ್ ನಿಘಂಟು ಸುಮಾರು 70,000 ಪದಗಳನ್ನು, ಕನ್ನಡ ಇಂಗ್ಲಿಷುಗಳೆರಡನ್ನೂ ಒಂದೇ ಪುಟದಲ್ಲಿ ಹೊಂದಿಸಿ ಕೊಟ್ಟಿರುವುದರ ಹಿಂದೆ ಇಂಥ ಕುಶಲಕರ್ಮಿಗಳ ದಶಕಗಳ ಪರಿಶ್ರಮವಿದೆ.

ಹಾಗೆಂದು ಪ್ಲೆಬ್ಸ್ಟನೊಬ್ಬನನ್ನೇ ಕೊಂಡಾಡಿದರೆ ಹಳೆಯ ದೋಷವೇ ಮರುಕಳಿಸುವುದು; ಮೊಳೆಗಳನ್ನು ಜೋಡಿಸಿದ, ಜೇಡಿಮಣ್ಣನ್ನು ಹದಗೊಳಿಸಿದ ಸ್ಥಳೀಯ ಕೆಲಸಗಾರರು ಹೆಸರಿಲ್ಲದೆಯೇ ಉಳಿಯುವರು. ಗ್ರಂಥಕರ್ತನನ್ನು ವಿಚಾರಿಸುವ ವಿಮರ್ಶಕನು ಮುದ್ರಣಾಲಯದ ಬಾಗಿಲನ್ನೂ ತಟ್ಟಬೇಕು.